ಏಡಿ ಬೇಯಬಾರದ ಮನೆ

ಜವರಮ್ಮನಿಗೆ ಏಡಿ ಎಂದರೆ ಹೇಸಿಗೆ. ಅದೂ ಮೂಗು ಮುರಿದು ಸುಮ್ಮನಾಗುವಂಥ ಹೇಸಿಗೆಯಲ್ಲ ಮಾರಾಯ್ರೆ. ಹೊಳೆದಂಡೆಯ ಕಲ್ಲುಸಂದಿಯಲ್ಲಿ ಅದರದೊಂದು ಕಾಲು ಅಲ್ಲಾಡಿದ್ದು ಕಂಡರೂ ಸಾಕು, ಬಾಯಿಗೆ ಹುಳಿನೀರು ನುಗ್ಗಿ, ಥೂ ಥೂ ಎಂದು ಉಗಿದು ಸೆರಗನ್ನು ಮೂಗಿಗೆ ಒತ್ತಿ ಹಿಡಿಯುತ್ತಾಳೆ. ಆ ಲೋಳೆ, ಆ ಕಂದು ಚಿಪ್ಪು, ಕಡ್ಡಿಯ ತುದಿಗೆ ಸಿಕ್ಕಿಸಿದಂತೆ ನಿಂತು ನೋಡುವ ಆ ಕಣ್ಣು, ಮುಂದಕ್ಕೆ ಬಾರದೆ ಪಕ್ಕಕ್ಕೆ ಸರಿಯುವ ಆ ಹಾಳು ನಡಿಗೆ, ಒಂದೂ ಆಗದು ಅವಳಿಗೆ. ಹಾಗೆಂದು ಏಡಿ ತಿನ್ನದ ಮನೆಯಲ್ಲಿ ಹುಟ್ಟಿದವಳೇನಲ್ಲ. ಹಲ್ಲು ಮೂಡುವಾಗ ಕಚ್ಚಲಿ ಎಂದು ಅವಳವ್ವ ಕೈಗೆ ಕೊಡುತ್ತಿದ್ದದ್ದೇ ಬೇಯಿಸಿದ ಏಡಿಯ ಕೊಂಬು. ಈ ಹೇಸಿಗೆ ಅವಳ ಜೊತೆ ಬಂದದ್ದಲ್ಲ, ಆಮೇಲೆ ಅವಳೊಳಗೆ ತುರುಕಿದ್ದು.

ಕಳಸದಿಂದ ಕೆಳಗೆ, ಬಂಡೆಗಳ ಜೊತೆಗಿನ ಜಗಳ ಮುಗಿಸಿ ಭದ್ರಾ ಹೊಳೆ ನಿಧಾನವಾಗುವ ಕಡೆ ಬಿದಿರುಗಂಡಿ ಎಂಬ ದೋಣಿಗಂಡಿಯಿದೆ. ಆಚೆ ದಡದಲ್ಲಿ ಮೇಲ್ಮನೆಯವರ ಎಸ್ಟೇಟು, ಬಸ್ಸಿನ ರಸ್ತೆ, ಅಂಗಡಿ. ಈಚೆ ದಡದಲ್ಲಿ ಒಂದಿಷ್ಟು ಗದ್ದೆ, ಕೂಲಿಯವರ ನಾಲ್ಕಾರು ಮನೆ, ಅದರಲ್ಲೊಂದು ಜವರಮ್ಮನದು. ದೋಣಿ ಮೇಲ್ಮನೆಯವರದು, ಹುಟ್ಟು ಹಾಕಿ ಜನರನ್ನು ದಾಟಿಸುವ ಕೆಲಸ ಜವರಮ್ಮನದು, ಅವಳಿಗಿಂತ ಮೊದಲು ಅವಳಪ್ಪ ಚಿಕ್ಕಯ್ಯನದು. ಶಾಲೆಗೆ ಹೋಗುವ ಮಕ್ಕಳು, ಪಾರ್ಚ್‌ಮೆಂಟ್ ಕಾಫಿಯ ಮೂಟೆ, ನೋವು ಬಂದ ಬಸುರಿಯರು, ಬೀಗರೂಟದ ಹಂಡೆ, ಸುಡಲು ಒಯ್ಯುವ ಹೆಣ, ಏನನ್ನು ದಾಟಿಸಿಲ್ಲ ಅವಳು! ನೆಲದ ಮೇಲೆ ಸೊಂಟ ಹಿಡಿದು ಕುಂಟುವ ಹೆಂಗಸು, ದೋಣಿಗೆ ಕಾಲಿಟ್ಟಳೆಂದರೆ ನೆಟ್ಟಗೆ ನಿಲ್ಲುವಳು. ಹೊಳೆ ಏರಿದಾಗ ಎಸ್ಟೇಟಿನ ಲೆಕ್ಕ ಬರೆಯುವ ದೊಡ್ಡ ದೊಡ್ಡ ರೈಟರು, ಮೇಸ್ತ್ರಿಗಳೂ "ಜವರಮ್ಮಾ, ಹುಷಾರು" ಎಂದು ಅವಳ ಮುಖ ನೋಡಿಕೊಂಡು ಕೂರಬೇಕಿತ್ತು. "ನೀ ಮದ್ವೆ ಆಗಿದ್ದು ನನ್ನನ್ನಾ, ಆ ದೋಣಿನಾ?" ಎಂದು ಅವಳ ಗಂಡ ಬೊಮ್ಮಯ್ಯ ಸಾಯುವತನಕ ಕೇಳಿದ. ಅವಳು ಹುಟ್ಟು ಎತ್ತಿಕೊಂಡು ಗಂಡಿಗೆ ಇಳಿಯುತ್ತಿದ್ದಳು.

ಈ ದೋಣಿಗೊಂದು ಕಟ್ಟಳೆಯಿತ್ತು. ಮೇಲ್ಮನೆಯವರು ಹತ್ತುವ ಮೊದಲು ನಡುಹಲಗೆಗೆ ನೀರು ಚೆಲ್ಲಿ, ತೆಂಗಿನ ನಾರಿನಿಂದ ಗಸಗಸ ಉಜ್ಜಿ, ಮೇಲೊಂದು ಬಾಳೆಲೆ ಹಾಸಬೇಕು. ಏಕೆಂದರೆ ಆ ಹಲಗೆಯ ಮೇಲೆ ಏಡಿ ತಿಂದವರು ಕೂತಿರುತ್ತಾರೆ. ಈ ಮಲೆಗಳಲ್ಲಿ ಏಡಿ ತಿನ್ನದ ಗೌಡರ ಮನೆ ಹುಡುಕಿದರೂ ಸಿಗುವುದು ಕಷ್ಟ, ಆ ಮಾತು ಬೇರೆ. ಈ ಮೇಲ್ಮನೆಯೊಂದು ಮಾತ್ರ ಕೋಳಿ, ಹಂದಿ, ಮೀನು ಎಲ್ಲವನ್ನೂ ಚಪ್ಪರಿಸಿಕೊಂಡು ತಿಂದು, ಏಡಿ ಎಂದ ಕೂಡಲೇ "ಅದು ಕೂಲಿಯೋರು ತಿನ್ನೋದು" ಎಂದು ಮುಖ ಸಿಂಡರಿಸುತ್ತಿತ್ತು. ದೊಡ್ಡಸ್ತಿಕೆ ತೋರಿಸಲು ಮನುಷ್ಯನಿಗೆ ಏನಾದರೂ ಒಂದು ಬೇಕಲ್ಲ!

ಜವರಮ್ಮ ಇನ್ನೂ ಲಂಗ ತೊಡುತ್ತಿದ್ದ ಕಾಲ. ಆಲ್ದೂರಿನ ಕಡೆಯಿಂದ ಸರೋಜಮ್ಮ ಮೇಲ್ಮನೆಗೆ ಹೊಸ ಸೊಸೆಯಾಗಿ ಬಂದಿದ್ದರು. ಈಚೆ ದಡದ ಬನದ ದೇವರಿಗೆ ಹಣ್ಣುಕಾಯಿ ಮಾಡಿಸಬೇಕೆಂದು ರೇಷ್ಮೆಸೀರೆ ಉಟ್ಟು ದೋಣಿಯಲ್ಲಿ ಕೂತರು. ಹಲಗೆಯ ಸಂದಿಯಲ್ಲಿ, ಹಿಂದಿನ ದಿನ ಯಾರೋ ಒಯ್ದಿದ್ದ ಏಡಿಯ ಮುರಿದ ಕಾಲೊಂದು ಸಿಕ್ಕಿಕೊಂಡಿತ್ತು. ಇಳಿಯುವಾಗ ಅದು ನೆರಿಗೆಗೆ ಅಂಟಿಕೊಂಡು ಮೇಲೆ ಬಂತು. ಸರೋಜಮ್ಮ ಕಿಟಾರನೆ ಕಿರುಚಿ, ದೋಣಿಯ ಅಂಚಿಗೆ ಬಾಗಿ, ತಿಂದದ್ದನ್ನೆಲ್ಲ ಹೊಳೆಗೆ ಕಾರಿದರು. ಅವತ್ತು ಸಂಜೆ ಅವರ ಮಾವ ದೊಡ್ಡಗೌಡರು ಚಿಕ್ಕಯ್ಯನನ್ನು ಕರೆಸಿ, ಕೈಗೆ ಹುಟ್ಟು ಕೊಟ್ಟು ಆಣೆ ಮಾಡಿಸಿದರು. ಇನ್ನು ದೋಣಿಯಲ್ಲಿ ಏಡಿ ಬರಬಾರದು, ಈ ಹುಟ್ಟು ಹಿಡಿದವರ ಮನೆಯಲ್ಲಿ ಏಡಿ ಬೇಯಬಾರದು. ಬೆಂದ ದಿನ ಹುಟ್ಟು ಕೆಳಗಿಡಬೇಕು.

ಚಿಕ್ಕಯ್ಯ ಮನೆಗೆ ಬಂದರೆ ಒಲೆಯ ಮೇಲೆ ಏಡಿಸಾರೇ ಕುದಿಯುತ್ತಿತ್ತು. ಗಡಿಗೆಯನ್ನು ಎತ್ತಿ ಅಂಗಳಕ್ಕೆ ಎಸೆದ. ಮೂಲೆಯಲ್ಲಿ ಊಟ ಮುಗಿಸಿ ಕೈ ನೆಕ್ಕುತ್ತಿದ್ದ ಮಗಳನ್ನು ರಟ್ಟೆ ಹಿಡಿದು ಎಳೆದು ಗಂಟಲಿಗೆ ಎರಡು ಬೆರಳು ತುರುಕಿದ. "ಕಕ್ಕು! ನಾಳೆ ನೀನೂ ದೋಣೀಲಿ ಕೂರ್ತೀಯ. ಕಕ್ಕೇ!" ಹಳದಿನೀರು ಬರುವತನಕ ಕಕ್ಕಿಸಿದ. ಆ ಬೆರಳಿಗೆ ಹೊಳೆಯ ಪಾಚಿ, ಬೀಡಿ, ಬೆವರು ಎಲ್ಲದರ ವಾಸನೆಯಿತ್ತು. ಕೆಟ್ಟವನಲ್ಲ ಚಿಕ್ಕಯ್ಯ. ಮಗಳು ಸುಸ್ತಾಗಿ ಬಿದ್ದ ಮೇಲೆ ಅಂಗಳದಲ್ಲಿ ಕುಕ್ಕರಿಸಿ ತಾನೂ ಅತ್ತ. ಆದರೆ ಬೆರಳು ಒಳಗೇ ಉಳಿಯಿತು. ಅವತ್ತಿನಿಂದ ಏಡಿ ಕಂಡರೆ ಜವರಮ್ಮನ ಗಂಟಲಿಗೆ ಅವೇ ಎರಡು ಬೆರಳು ಬರುತ್ತವೆ.

ಅವಳವ್ವ ಕೆಂಚಮ್ಮನಿಗೆ ಮಾತ್ರ ಏಡಿಯ ಆಸೆ ಹೋಗಲೇ ಇಲ್ಲ. ಈಗ ಹಲ್ಲಿಲ್ಲ, ಕಣ್ಣು ಮಂಜು, ಒಲೆಯ ಪಕ್ಕದ ಚಾಪೆಯೇ ಲೋಕ. ಆದರೂ ಮಳೆ ಹಿಡಿದು ಗದ್ದೆ ಅಂಚಿನಲ್ಲಿ ಕಾರೇಡಿಗಳು ಬಿಲ ತೋಡಲು ಶುರು ಮಾಡಿದವೆಂದರೆ ಮುದುಕಿಗೆ ಹೇಗೋ ಗೊತ್ತಾಗುತ್ತಿತ್ತು.

"ಒಂದು ಗುಟುಕು ಏಡಿಸಾರು ಮಾಡ್ಕೊಡೇ ಮಗಾ. ಎದೆ ಕಟ್ಟೈತೆ."

"ಕಷಾಯ ಕುಡಿ."

"ನಿನ್ನ ಕಷಾಯಕ್ಕೆ ಬೆಂಕಿ ಬೀಳ. ಮೆಣಸು, ಬೆಳ್ಳುಳ್ಳಿ ಜಜ್ಜಿ, ವಾಟೆಹುಳಿ ಬಿಟ್ಟು..."

"ಅವ್ವಾ, ಹೊಲಸು ಮಾತಾಡಬ್ಯಾಡ. ಹುಟ್ಟು ಹಿಡಿಯೋಳು ನಾನು."

ಹುಟ್ಟಿನ ಮಾತು ಬಂದ ಕೂಡಲೇ ಮುದುಕಿ ಗೋಡೆಯ ಕಡೆ ಹೊರಳಿ ಮಲಗುವಳು. ಹೊರಳಿದ ಮೇಲೂ ಬೊಚ್ಚುಬಾಯಿ ಸುಮ್ಮನೆ ಚೀಪುತ್ತಲೇ ಇರುತ್ತಿತ್ತು. ಜವರಮ್ಮನಿಗೆ ಅದನ್ನು ನೋಡಿದರೂ ವಾಕರಿಕೆ, ನೋಡದಿದ್ದರೆ ಸಂಕಟ.

ಆಮೇಲೆ ತೂಗುಸೇತುವೆ ಬಂತು. ಗಂಡಿಯ ಪಕ್ಕದಲ್ಲೇ, ಕಬ್ಬಿಣದ ಹಗ್ಗಕ್ಕೆ ಜೋತುಬಿದ್ದ ಸೇತುವೆ. ಊರವರೆಲ್ಲ ಹಬ್ಬ ಮಾಡಿದರು, ಮಾಡಬೇಕಾದ್ದೇ. ಜವರಮ್ಮ ಮಾತ್ರ "ಸತ್ರೂ ಅದ್ರ ಮೇಲೆ ಕಾಲಿಡಲ್ಲ" ಎಂದಳು, ಇಡಲೂ ಇಲ್ಲ. ನಿನ್ನೆ ಮೊನ್ನೆಯವರೆಗೆ ದೋಣಿಗಾಗಿ ಕೂಗಿ ಗಂಟಲು ಹರಿದುಕೊಂಡವರೆಲ್ಲ ಈಗ ಅವಳ ತಲೆಯ ಮೇಲೆಯೇ ಟಕಟಕ ನಡೆದುಹೋದರು. ಕೆಳಗೆ ಅವಳು ಖಾಲಿ ದೋಣಿ ಹೊಡೆದುಕೊಂಡು ಆಚೆಗೊಂದು ಸಲ, ಈಚೆಗೊಂದು ಸಲ. ಸುಮ್ಮನೆ ಕಟ್ಟಿಟ್ಟರೆ ಹಲಗೆ ಬಿರಿಯುತ್ತದೆ ಎಂಬ ನೆವ. ಬಿರಿಯುತ್ತಿದ್ದದ್ದು ಹಲಗೆಯಲ್ಲ, ಅದು ಅವಳಿಗೂ ಗೊತ್ತಿತ್ತು.

ದೋಣಿಗೆ ಮತ್ತೆ ಜೀವ ಬಂದದ್ದು ಲಿಖಿತ್‌ನಿಂದ. ಸರೋಜಮ್ಮನವರ ಮೊಮ್ಮಗ. ಮಂಗಳೂರಿನಲ್ಲಿ ಹೋಟೆಲ್ ಕೆಲಸದ ಪಾಠ ಕಲಿತು ಬಂದು, ಹಳೆಯ ಕಾಫಿ ಗೋಡೌನನ್ನು ಹೋಂಸ್ಟೇ ಮಾಡಿದ. ಬಂದ ಗೆಸ್ಟುಗಳಿಗೆ ಮರದ ದೋಣಿ, ಹೊಳೆ, ಹುಟ್ಟು ಹಾಕುವ ಅಜ್ಜಿ ಎಲ್ಲವೂ ಬೇಕಾಯಿತು. ಜವರಮ್ಮ ಹಿಗ್ಗಿಹೋದಳು. ದೋಣಿಗೆ ಹೊಸದಾಗಿ ಗೇರೆಣ್ಣೆ ಬಳಿದಳು. ದಿನಕ್ಕೆ ನಾಲ್ಕು ಸುತ್ತು ಹೊಡೆದರೂ ಸೊಂಟ ನೋಯುತ್ತದೆ ಎಂದು ಒಂದು ದಿನವೂ ಅನ್ನಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಯಾವನೋ ಗೆಸ್ಟು "ಇಲ್ಲಿ ಏಡಿ ಸಿಗಲ್ವಾ?" ಎಂದು ಕೇಳಿದನಂತೆ. ಮುಂದಿನ ವಾರವೇ ರಸ್ತೆ ಬದಿಯ ಬೋರ್ಡಿನಲ್ಲಿ ಕೆಂಪು ಏಡಿಯೊಂದು ಕೊಂಬು ಎತ್ತಿ ನಿಂತಿತು. ಏಡಿ ಚಟ್ನಿ, ಏಡಿ ಸುಕ್ಕ, ಏಡಿ ಸೂಪು. ಯಾವ ಮನೆಯ ಅಂಗಳದಲ್ಲಿ ಏಡಿ ಎಂಬ ಹೆಸರೆತ್ತಿದರೆ ನೀರು ಚಿಮುಕಿಸುತ್ತಿದ್ದರೋ ಆ ಮನೆಯ ಹಿತ್ತಲಲ್ಲಿ ಈಗ ಚಿಪ್ಪಿನ ಗುಡ್ಡೆ, ಅದರ ಮೇಲೆ ಗುಂಯ್ ಎನ್ನುವ ನೊಣ. ಥೂ!

ಒಂದು ಬೆಳಿಗ್ಗೆ ಜವರಮ್ಮ ಕಾಫಿಗೆಂದು ಮೇಲ್ಮನೆಯ ಹಿಂದಿನ ಜಗಲಿಗೆ ಹೋದಳು. ಸರೋಜಮ್ಮ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದರು. ಕೈಯಲ್ಲಿ ಬಟ್ಟಲು. ಏಡಿಯ ಕೊಂಬನ್ನು ಬಾಯಿಗಿಟ್ಟು ಸುರ್ರನೆ ಎಳೆಯುತ್ತಿದ್ದರು. ರಸ ಮುಂಗೈಗೆ ಇಳಿದು ಬಳೆ ಒದ್ದೆಯಾಗಿತ್ತು, ಗದ್ದಕ್ಕೆ ಏನೋ ಹಸಿರು ಕಪ್ಪಿನ ಚೂರು ಅಂಟಿತ್ತು.

"ಏನೇ ಜವರಿ, ಹಂಗ್ ನೋಡ್ತೀಯ? ಮಂಡಿನೋವಿಗೆ ಒಳ್ಳೇದಂತೆ ಕಣೇ. ಮೊದ್ಲೇ ಗೊತ್ತಿದ್ರೆ ಆಗ್ಲೇ ಶುರು ಮಾಡ್ತಿದ್ದೆ."

ಮೊದಲೇ ಗೊತ್ತಿದ್ದರೆ! ಜವರಮ್ಮ ಕಾಫಿಲೋಟವನ್ನು ಕಟ್ಟೆಯ ಮೇಲಿಟ್ಟು, ಕಾಫಿಗಿಡದ ಹಿಂದೆ ಹೋಗಿ ಉಗಿದಳು. ಏಡಿ ಹೆಚ್ಚು ಹೊಲಸೋ, ಆ ಬಾಯಿ ಹೆಚ್ಚು ಹೊಲಸೋ ಅವಳಿಗೆ ತೀರ್ಮಾನವಾಗಲಿಲ್ಲ.

ದಸರಾ ರಜೆ ಹತ್ತಿರ ಬಂದಾಗ ಲಿಖಿತ್ ಗಂಡಿಗೇ ಇಳಿದು ಬಂದ.

"ಜವರಮ್ಮ, ಈ ಸಲ ಗೆಸ್ಟ್‌ಗಳನ್ನ ನಡುಗಡ್ಡೆಗೆ ಕರ್ಕೊಂಡು ಹೋಗಿ ಅಲ್ಲೇ ಏಡಿ ಸುಟ್ಟುಕೊಡೋಣ. ಏಡಿ ಬಕೆಟ್ ದೋಣೀಲೇ ಬರುತ್ತೆ. ಆಮೇಲೆ ನೀವು ಅವ್ರ ಮುಂದೆ ಒಂದು ತಿಂದು ತೋರಿಸ್ಬೇಕು. ವಿಡಿಯೋ ಮಾಡ್ತೀವಿ."

"ನಾ ಏಡಿ ತಿನ್ನಲ್ಲ ಸಣ್ಣಗೌಡ್ರೆ."

ಅವನು ತಮಾಷೆ ಎಂದುಕೊಂಡು ನಕ್ಕ. "ನೀವೇ ತಿನ್ನಲ್ಲ ಅಂದ್ರೆ ಹೆಂಗೆ? ನಿಮ್ಮೋರ ಊಟ ಅಲ್ವಾ ಅದು?"

"ದೋಣೀಲಿ ಏಡಿ ಬರಂಗೂ ಇಲ್ಲ. ಆಣೆ ಐತೆ. ನಿಮ್ಮ ಮುತ್ತಜ್ಜ ಮಾಡಿಸಿದ್ದು."

"ಅವ್ರು ಹೋಗಿ ಎಷ್ಟು ಕಾಲ ಆಯ್ತು! ಅಜ್ಜೀನೇ ತಿಂತಾರೆ ಈಗ, ಇನ್ನೆಲ್ಲಿ ಆಣೆ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹುಡುಗ ಕೆಟ್ಟವನಲ್ಲ, ಅವನಿಗೆ ಯಾವುದೂ ಗೊತ್ತಿಲ್ಲ ಅಷ್ಟೇ. "ನೋಡಿ, ಕರಾವಳಿ ಕಡೆ ಹುಡುಗ್ರು ಮೋಟಾರ್ ಬೋಟ್ ತರ್ತೀವಿ ಅಂತಿದ್ದಾರೆ. ನಿಮ್ಮ ಮುಖ ನೋಡಿ ಬೇಡ ಅಂದಿದೀನಿ. ಒಂದೇ ಒಂದು ಏಡಿ ಅಲ್ವಾ, ಯೋಚ್ನೆ ಮಾಡಿ."

ಯೋಚನೆ ಮಾಡಲು ಏನಿತ್ತು? ತಿಂದರೆ ದೋಣಿ, ಇಲ್ಲದಿದ್ದರೆ ಒಲೆಯ ಪಕ್ಕ ಅವ್ವನ ಚಾಪೆಯ ಜೊತೆ ಇನ್ನೊಂದು ಚಾಪೆ. "ಆಗ್ಲಿ" ಎಂದಳು.

ಆ ದಿನ ಮೈಸೂರಿನ ಎರಡು ಸಂಸಾರ ಬಂದಿದ್ದವು. ಅವರ ಜೊತೆ ಸರೋಜಮ್ಮನವರೂ ಛತ್ರಿ ಹಿಡಿದು ಹೊರಟರು. ಜವರಮ್ಮನ ಕೈ ತನ್ನ ಪಾಡಿಗೆ ತಾನು ನಡುಹಲಗೆಗೆ ನೀರು ಚೆಲ್ಲಿ, ಉಜ್ಜಿ, ಬಾಳೆಲೆ ಹಾಸಿತು. ಸರೋಜಮ್ಮ ಬಾಳೆಲೆಯ ಮೇಲೆ ಕೂತರು. ಅವರ ಕಾಲ ಬಳಿಯೇ ಲಿಖಿತ್ ಏಡಿಯ ಬಕೆಟ್ ಇಟ್ಟ. ಈ ಚೆಂದ ನೋಡಲು ದೊಡ್ಡಗೌಡರು ಇರಬೇಕಿತ್ತು!

ಬಕೆಟ್ಟಿನೊಳಗೆ ಏಡಿಗಳು ಒಂದರ ಮೇಲೊಂದು ಹತ್ತುತ್ತ, ಪ್ಲಾಸ್ಟಿಕ್ಕನ್ನು ಕರಕರ ಕೆರೆಯುತ್ತಿದ್ದವು. ಜವರಮ್ಮ ಹುಟ್ಟು ಹಾಕುವುದಕ್ಕೂ ಅವು ಕೆರೆಯುವುದಕ್ಕೂ ತಾಳ ಕೂಡಿದಂತಿತ್ತು. ಅವಳು ದೂರದ ಬೆಟ್ಟ ನೋಡಿದಳು, ನೀರು ನೋಡಿದಳು, ಉಸಿರು ಹಿಡಿದಳು. ಕೆಸರಿನ ವಾಸನೆ ಬಿಡಲಿಲ್ಲ.

ನಡುಗಡ್ಡೆಯಲ್ಲಿ ಬೆಂಕಿ ಹಾಕಿದರು. ಜೀವಂತ ಏಡಿಗಳನ್ನು ಕೆಂಡದ ಮೇಲೆ ಬಿಟ್ಟರು. ಚಿಟಪಟ ಎಂದವು, ನೊರೆ ಬಿಟ್ಟವು, ಕೆಂಪಾದವು. ಗೆಸ್ಟುಗಳು ಕಲ್ಲಿನಿಂದ ಚಿಪ್ಪು ಒಡೆದು, ಹಳದಿ ಕೊಬ್ಬನ್ನು ಬೆರಳಲ್ಲಿ ಬಳಿದು ನೆಕ್ಕಿ, "ಸೂಪರ್, ಸೂಪರ್" ಎಂದರು. ಅರ್ಧ ತಿಂದದ್ದನ್ನು ಮರಳ ಮೇಲೆ ಎಸೆದರು. ಸರೋಜಮ್ಮನವರ ತುಟಿಯ ಸುತ್ತ ಮಸಿ. ಜವರಮ್ಮ ದೋಣಿಯ ಪಕ್ಕ ನೀರಲ್ಲಿ ಕಾಲಿಟ್ಟುಕೊಂಡು ನಿಂತೇ ಇದ್ದಳು. ಇವರಿಗೋಸ್ಕರ ತಾನೆ ಅಪ್ಪ ಗಡಿಗೆ ಒಡೆದದ್ದು? ಇವರಿಗೋಸ್ಕರ ತಾನೆ ಅವ್ವ ಇಷ್ಟು ವರ್ಷ ಗೋಡೆಯ ಕಡೆ ಹೊರಳಿದ್ದು?

"ಜವರಮ್ಮ, ಈಗ ನೀವು!" ಲಿಖಿತ್ ಸುಟ್ಟ ಏಡಿಯ ಕೊಂಬೊಂದನ್ನು ಅವಳ ಕೈಗಿಟ್ಟ. ಎಲ್ಲರ ಕೈಯಲ್ಲೂ ಫೋನು ಮೇಲೆದ್ದಿತು.

ತಿಂದುಬಿಡುತ್ತೇನೆ ಎಂದೇ ಅವಳು ಬಾಯಿಗೆ ಇಟ್ಟಳು. ದೋಣಿ ನೆನೆಸಿಕೊಂಡು ಕಚ್ಚಿದಳು. ಚಿಪ್ಪು ಕಟಕ್ ಎಂದಿತು, ಬಿಸಿರಸ ನಾಲಗೆಗೆ ಬಿತ್ತು. ಅಷ್ಟೇ. ಗಂಟಲಿಗೆ ಎರಡು ಬೆರಳು ಬಂದವು. ಪಾಚಿ, ಬೀಡಿ, ಬೆವರು. ದೋಣಿಯ ಅಂಚು ಹಿಡಿದು ಬಾಗಿ, ಹಳದಿನೀರು ಬರುವತನಕ ಕಾರಿದಳು. ಹಲಗೆಗೂ ಒಂದಿಷ್ಟು ಸಿಡಿಯಿತು.

"ಛೀ!" "ಯಪ್ಪಾ, ಗಲೀಜು!" ಎಂದು ಫೋನುಗಳು ಕೆಳಗಿಳಿದವು. ಕೊಬ್ಬು ನೆಕ್ಕಿದ್ದ ಬೆರಳುಗಳೇ ಈಗ ಮೂಗು ಮುಚ್ಚಿಕೊಂಡವು. ನೀರು ಬೇಕೇ ಎಂದು ಒಬ್ಬರೂ ಕೇಳಲಿಲ್ಲ. ಸರೋಜಮ್ಮನವರು ಸೆರಗು ಮೂಗಿಗೆ ಹಿಡಿದು, ಹಳೆಯ ದನಿಯಲ್ಲಿ, ಅದೇ ಹಳೆಯ ದನಿಯಲ್ಲಿ ಹೇಳಿದರು:

"ಥೂ, ಏನೇ ಜವರಿ ಇದು! ಮೊದ್ಲು ಹಲಗೆ ತೊಳಿ. ಇಲ್ದಿದ್ರೆ ಹೆಂಗೆ ಕೂರೋದು ಅದ್ರಲ್ಲಿ?"

ಜವರಮ್ಮ ಬಾಯಿ ಒರೆಸಿಕೊಂಡಳು. ಹಲಗೆ ತೊಳೆದಳು. ಅಂಚು ತೊಳೆದಳು. ದೋಣಿಯ ಒಳಗು, ಹೊರಗು, ತಳ, ಹುಟ್ಟಿನ ಹಿಡಿ, ಎಲ್ಲವನ್ನೂ ನಾರು ಹಾಕಿ ಉಜ್ಜಿ ಉಜ್ಜಿ ತೊಳೆದಳು. ಎಷ್ಟು ಹೊತ್ತು ತೊಳೆದಳೆಂದರೆ ಗೆಸ್ಟುಗಳು ಎದ್ದು ಬಂದು ನೋಡತೊಡಗಿದರು. ಮುಗಿಸಿ ದೋಣಿಯಲ್ಲಿ ನೆಟ್ಟಗೆ ನಿಂತು, ಹುಟ್ಟನ್ನು ಅಡ್ಡ ಹಿಡಿದಳು.

"ಈಗ ನೀವು ತೊಳ್ಕಳಿ ಅಮ್ಮಾವ್ರೆ. ಏಡಿ ತಿಂದ ಕೈಬಾಯಿ ಈ ದೋಣೀಲಿ ಬರಂಗಿಲ್ಲ. ನಿಮ್ಮನೆ ಕಟ್ಟಳೆ."

"ಏನ್ ಹೇಳ್ತಿದ್ದೀರ ಜವರಮ್ಮ? ಗೆಸ್ಟ್‌ಗಳ ಮುಂದೆ..." ಲಿಖಿತ್‌ನ ಮುಖ ಕೆಂಪಾಯಿತು.

"ನಿಮ್ಮಜ್ಜೀನ ಕೇಳಿ."

ಅವನು ಅಜ್ಜಿಯ ಕಡೆ ನೋಡಿದ. ಸರೋಜಮ್ಮ ಜವರಮ್ಮನ ಮುಖ ನೋಡಿದರು. ಮೂಗಿಗೆ ಹಿಡಿದಿದ್ದ ಸೆರಗು ಕೆಳಗೆ ಬಂತು. ನೋಯುವ ಮಂಡಿಯನ್ನು ಕಷ್ಟಪಟ್ಟು ಮಡಿಸಿ, ನೀರಿನ ಅಂಚಿನಲ್ಲಿ ಕೂತು, ಬೊಗಸೆಯಲ್ಲಿ ಹೊಳೆನೀರು ಎತ್ತಿ ಬಾಯಿ ಮುಕ್ಕಳಿಸಿದರು. ಅವರು ತೊಳೆದ ಮೇಲೆ ಉಳಿದವರೂ ಗೊಣಗುತ್ತ ತೊಳೆದುಕೊಂಡರು. ಬಕೆಟ್ಟಿನ ತಳದಲ್ಲಿ ಇನ್ನೂ ಕೆಲವು ಏಡಿ ಉಳಿದಿದ್ದವು. ಬಕೆಟ್ಟನ್ನು ಜವರಮ್ಮನೇ ಎತ್ತಿ, ದೋಣಿಯೊಳಗೆ ಇಡದೆ, ಹಗ್ಗ ಕಟ್ಟಿ ಹಿಂದೆ ನೀರಿನಲ್ಲಿ ತೇಲಬಿಟ್ಟಳು.

ದೋಣಿ ಎಸ್ಟೇಟಿನ ದಡ ಮುಟ್ಟಿತು. ಗೆಸ್ಟುಗಳು ಮೇಲೆ ಹತ್ತಿಹೋದ ಮೇಲೆ ಲಿಖಿತ್, "ನಾಳೆಯಿಂದ..." ಎಂದು ಶುರು ಮಾಡಿದ.

"ನಾಳೆ ಯಾಕೆ?" ಎಂದಳು ಜವರಮ್ಮ. ಹುಟ್ಟನ್ನು ನಡುಹಲಗೆಯ ಮೇಲೆ, ಸರೋಜಮ್ಮ ಕೂತು ಮುದುರಿದ ಬಾಳೆಲೆಯ ಮೇಲೆ ಉದ್ದಕ್ಕೆ ಇಟ್ಟಳು. ಇಟ್ಟ ಕೈ ತೆಗೆಯಲು ಸ್ವಲ್ಪ ಹೊತ್ತು ಬೇಕಾಯಿತು. "ಹುಟ್ಟು ಕೆಳಗಿಟ್ಟೀನಿ ಸಣ್ಣಗೌಡ್ರೆ. ಈ ಬಕೆಟ್ಟು ಬೆಳಿಗ್ಗೆ ಯಾರ ಕೈಲಾದ್ರೂ ಕಳಿಸ್ತೀನಿ. ಏಡಿ ನಮ್ಮವ್ವಂಗೆ."

"ಜವರೀ..." ಎಂದರು ಸರೋಜಮ್ಮ.

ಒಂದು ಕೈಯಲ್ಲಿ ಬಕೆಟ್ಟನ್ನು ಮೈಯಿಂದ ಆದಷ್ಟು ದೂರ ಹಿಡಿದು, ಇನ್ನೊಂದು ಕೈಯಲ್ಲಿ ಕಬ್ಬಿಣದ ಹಗ್ಗ ಹಿಡಿದು ತೂಗುಸೇತುವೆಯ ಮೇಲೆ ಕಾಲಿಟ್ಟಳು. ಸೇತುವೆ ಕುಲುಕಿತು. ಯಾವ ಪ್ರವಾಹಕ್ಕೂ ಹೆದರದವಳಿಗೆ ತಲೆ ತಿರುಗಿತು. ಕೆಳಗೆ ದೋಣಿ ಎಷ್ಟು ಚಿಕ್ಕದಾಗಿ ಕಾಣುತ್ತಿತ್ತು! ಅಳು ಬಂತು. ಅಳುತ್ತಲೇ, ನಡುನಡುವೆ ಬಕೆಟ್ಟಿನ ಕಡೆ ನೋಡಿ "ಥೂ ಹಾಳಾದವೇ" ಎಂದು ಬೈಯುತ್ತಲೇ ತನ್ನ ದಡ ಮುಟ್ಟಿದಳು.

ಹೇಸಿಗೆಯೇನೂ ಹೋಗಿರಲಿಲ್ಲ. ಮೂಗಿಗೆ ಟವೆಲು ಬಿಗಿದುಕೊಂಡು, ಮುಖ ಆಚೆ ತಿರುಗಿಸಿಕೊಂಡು ಚಿಪ್ಪು ಕಿತ್ತಳು. ಎರಡು ಸಲ ಅಂಗಳಕ್ಕೆ ಓಡಿ ಉಗಿದು ಬಂದಳು. ಕಾಲುಗಳನ್ನು ಒರಳಿಗೆ ಹಾಕಿ ಜಜ್ಜಿ ರಸ ಹಿಂಡಿದಳು. ಮೆಣಸು, ಬೆಳ್ಳುಳ್ಳಿ, ವಾಟೆಹುಳಿ. ಅವ್ವ ಹೇಳಿದ್ದರಲ್ಲಿ ಯಾವುದನ್ನೂ ಕೈ ಮರೆತಿರಲಿಲ್ಲ. ಸಾರು ಕುದಿ ಬಂದಾಗ ಚಾಪೆಯ ಮೇಲೆ ಕೆಂಚಮ್ಮ ಎದ್ದು ಕೂತಳು. ಮೂಗು ಅಲ್ಲಾಡಿತು.

ಜವರಮ್ಮ ಬಟ್ಟಲು ಹಿಡಿದು ಪಕ್ಕ ಕೂತು ಚಮಚದಲ್ಲಿ ಕುಡಿಸಿದಳು. ಮೊದಲ ಗುಟುಕು ಒಳಗೆ ಹೋದಾಗ ಮುದುಕಿ ಕಣ್ಣು ಮುಚ್ಚಿದಳು. ಎರಡನೆಯದಕ್ಕೆ "ಉಪ್ಪು ಕಮ್ಮಿ ಆಯ್ತು" ಎಂದಳು. ಕೊನೆಗೆ ಬಟ್ಟಲನ್ನೇ ಕಿತ್ತುಕೊಂಡು ನೆಕ್ಕಿ, ಅದರ ತಳ ಒಣಗಿದ ಮೇಲೆ ಇದ್ದಕ್ಕಿದ್ದಂತೆ ಮಗಳ ಕೈ ಹಿಡಿದುಕೊಂಡಳು.

"ಏ ಜವರಿ, ಅಂಗಳಕ್ಕೆ ನೀರು ಹಾಕೇ. ಚಿಪ್ಪು ಹೂಳು. ಗೌಡ್ರಿಗೆ ವಾಸನೆ ಸಿಕ್ಕಿದ್ರೆ ಏನೇ ಮಾಡೋದು? ದೋಣೀಲಿ ತಂದ್ಯೇನೇ ಇದ್ನ? ದೋಣಿ ತೊಳ್ದ್ಯಾ?"

ಜವರಮ್ಮ ಅವ್ವನ ಗದ್ದಕ್ಕೆ ಇಳಿದಿದ್ದ ಸಾರನ್ನು ಬರಿಗೈಯಲ್ಲೇ ಒರೆಸಿದಳು.

"ದೋಣೀಲಿ ತರಲಿಲ್ಲ ಕಣವ್ವಾ," ಎಂದಳು. "ಸೇತುವೆ ಮೇಲೆ ನಡ್ಕಂಡು ಬಂದೆ."